ಯಾರು ಯಾರಿಗೆ ಹೇಳಿದರು?

ಈ ವಾರ ನಮ್ಮ ಬಾಳಗಡಿಯ ಎಂಟನೇ ತರಗತಿಯ ಮಕ್ಕಳಿಗೆ ‘ಹೂವಾದ ಹುಡುಗಿ’ ನಡೆಯುತ್ತಿದೆ. ಎ.ಕೆ. ರಾಮಾನುಜನ್ ಅವರ ಹೆಸರಿನಲ್ಲಿ ‘ಸಿರಿ ಕನ್ನಡ’ ಪುಸ್ತಕದಲ್ಲಿರುವ ಜನಪದ ಕಥೆ ಅದು. ಇಂಥ ನಡುವಿನ ತರಗತಿಗಳನ್ನು ನಮ್ಮ ಹಿರಿಯರು ಮಿಡ್ಲ್ ಸ್ಕೂಲು ಎನ್ನುತ್ತಿದ್ದರು. ಈಗ ಏಳಕ್ಕೆ ಹಿರಿಯ ಪ್ರಾಥಮಿಕ ಮುಗಿಸಿ ಎಂಟಕ್ಕೆ ಹೈಸ್ಕೂಲಿನ ಮೆಟ್ಟಿಲು ಹತ್ತುತ್ತಾರೆ. ಸಾಹಿತ್ಯ ವಿಮರ್ಶೆ ಬರೆಯುವವರು ಈ ತರಗತಿಗಳ ಕಡೆ ಕಣ್ಣು ಹಾಯಿಸುವುದು ಕಡಿಮೆ. ಆದರೆ ಕನ್ನಡದಲ್ಲಿ ಓದಿದ ನಾವೆಲ್ಲ ವಿಮರ್ಶೆಯ ಮೊದಲ ವಾಕ್ಯ ಬರೆದದ್ದು ಅಲ್ಲೇ, ‘ಸ್ವಾರಸ್ಯ’ ಎಂಬ ಪದದ ಮುಂದೆ ಎರಡು ಚುಕ್ಕಿ ಇಟ್ಟು.

ಆ ಪ್ರಶ್ನೆ ನಿಮಗೆ ನೆನಪಿರುತ್ತದೆ. ಪಾಠದಿಂದ ಒಂದು ಮಾತು ಎತ್ತಿ ಕೊಡುತ್ತಾರೆ. ಸಂದರ್ಭದೊಡನೆ ಸ್ವಾರಸ್ಯ ವಿವರಿಸಬೇಕು. ಉತ್ತರಕ್ಕೆ ಮೂರು ಕೋಣೆ. ಆಯ್ಕೆ: ಈ ಮಾತನ್ನು ಇಂಥವರು ಬರೆದ ಇಂಥ ಗದ್ಯಭಾಗದಿಂದ ಆರಿಸಲಾಗಿದೆ. ಸಂದರ್ಭ: ಇಂಥವರು ಇಂಥವರಿಗೆ ಹೇಳಿದರು. ಸ್ವಾರಸ್ಯ: ಇಲ್ಲಿ ಏನೋ ಒಂದು ‘ಸ್ವಾರಸ್ಯಪೂರ್ಣವಾಗಿ ವ್ಯಕ್ತವಾಗಿದೆ’. ಮೊದಲೆರಡು ಕೋಣೆಗಳನ್ನು ಪುಸ್ತಕ ನೋಡಿ ತುಂಬಬಹುದು. ಮೂರನೆಯದು ಮಗುವಿನದೇ ಆಗಬೇಕಿತ್ತು. ಅದನ್ನು ಗೈಡು ತುಂಬುತ್ತದೆ, ಇತ್ತೀಚೆಗೆ ಯೂಟ್ಯೂಬ್ ತುಂಬುತ್ತದೆ. ಸಂಜೆ ನಮ್ಮ ಮನೆಗೆ ಓದಲು ಬರುವ ನಾಲ್ಕು ಮಕ್ಕಳ ನೋಟ್ಸು ತೆಗೆದು ನೋಡಿದರೆ ನಾಲ್ಕರಲ್ಲೂ ಒಂದೇ ಸ್ವಾರಸ್ಯ, ಅಲ್ಪಪ್ರಾಣ ಮಹಾಪ್ರಾಣದ ತಪ್ಪು ಕೂಡ ಒಂದೇ ಜಾಗದಲ್ಲಿ.

ಸ್ವಾರಸ್ಯ ಎಂಬ ಪದದ ಒಳಗೆ ‘ಸ್ವರಸ’ ಇದೆ. ಆಯುರ್ವೇದದವರು ಹಸಿ ಎಲೆಯನ್ನು ಜಜ್ಜಿ ಹಿಂಡಿದ ರಸಕ್ಕೆ ಇವತ್ತಿಗೂ ಸ್ವರಸ ಎನ್ನುತ್ತಾರೆ. ನೀರು ಬೆರೆಸಿಲ್ಲ, ಕುದಿಸಿಲ್ಲ, ಆ ಎಲೆಯದೇ ರಸ. ಎಷ್ಟು ಒಳ್ಳೆಯ ಪದವನ್ನು ಎಂಥ ಕೆಲಸಕ್ಕೆ ಹಚ್ಚಿದ್ದೇವೆ ಎಂದು ನನಗೆ ಆಗಾಗ ಅನ್ನಿಸುತ್ತದೆ.

ಪಠ್ಯಪುಸ್ತಕದ ಬಗ್ಗೆ ಕರ್ನಾಟಕದಲ್ಲಿ ಚರ್ಚೆ ಆಗಿಲ್ಲವೆಂದಲ್ಲ. ಬರಗೂರು ರಾಮಚಂದ್ರಪ್ಪನವರ ಸಮಿತಿ ಪರಿಷ್ಕರಿಸಿದ ಪುಸ್ತಕಗಳು 2017ರಲ್ಲಿ ಬಂದವು. 2022ರಲ್ಲಿ ರೋಹಿತ್ ಚಕ್ರತೀರ್ಥರ ಸಮಿತಿ ಮತ್ತೆ ಕೈ ಹಾಕಿದಾಗ ರಾಜ್ಯವೇ ಎರಡಾಯಿತು. ದೇವನೂರ ಮಹಾದೇವ ಅವರು ತಮ್ಮ ಬರಹ ಹತ್ತನೇ ತರಗತಿಯ ಪುಸ್ತಕದಲ್ಲಿ ಬೇಡವೆಂದು ಒಪ್ಪಿಗೆ ಹಿಂತೆಗೆದುಕೊಂಡರು. ಸರ್ಕಾರ ಬದಲಾಗಿ 2023ರಲ್ಲಿ ಇನ್ನೊಂದು ಸುತ್ತು ತಿದ್ದುಪಡಿಯಾಯಿತು. ಆ ಜಗಳ ಬೇಕಿತ್ತು. ಯಾರ ಪಾಠ ಇರಬೇಕು, ಯಾರದನ್ನು ಯಾಕೆ ತೆಗೆದರು ಎಂದು ಕೇಳದ ನಾಡು ಮಂಕಾಗಿರುತ್ತದೆ. ಆದರೆ ಅಷ್ಟೆಲ್ಲ ಲೇಖನಗಳಲ್ಲಿ, ಪುಸ್ತಕದೊಳಗೆ ಬಂದು ಕೂತ ಪಾಠವನ್ನು ಮಂಗಳವಾರ ಮೂರನೇ ಪೀರಿಯಡ್ಡಿನಲ್ಲಿ ಹೇಗೆ ಓದುತ್ತಾರೆ ಎಂದು ಕೇಳಿದ್ದು ನಾನು ಹೆಚ್ಚು ನೋಡಲಿಲ್ಲ. ಒಳ್ಳೆಯ ಪಾಠವನ್ನು ತೆಗೆದುಹಾಕದೆಯೂ ಇಲ್ಲದಂತೆ ಮಾಡಬಹುದು. ‘ಹೂವಾದ ಹುಡುಗಿ’ಗೆ ಆಗುತ್ತಿರುವುದು ಅದೇ ಎಂದು ನನ್ನ ದೂರು.

ಅದೇ ಪುಸ್ತಕದ ‘ನೀರು ಕೊಡದ ನಾಡಿನಲ್ಲಿ’ ನಮ್ಮ ಮಕ್ಕಳಿಗೆ ಹೆಚ್ಚು ಕಷ್ಟ ಕೊಡಲಿಲ್ಲ. ನೇಮಿಚಂದ್ರ ಅವರ ಆ ಬರಹದಲ್ಲಿ ಬರುವ, ನೀರಿಗೂ ದುಡ್ಡು ಕೊಡಬೇಕಾದ ಊರಿನ ಸಂಕಟ, ಬಂದವರಿಗೆ ಮೊದಲು ಬೆಲ್ಲ ನೀರು ಕೊಡುವ ಮನೆಗಳಲ್ಲಿ ಬೆಳೆದವರಿಗೆ ತಟ್ಟನೆ ಹೊಳೆಯುತ್ತದೆ. ಬಾಗಲೋಡಿ ದೇವರಾಯರ ‘ಮಗ್ಗದ ಸಾಹೇಬ’ಕ್ಕೂ ಅಷ್ಟೇ; ಅಪ್ಪ ಬೇಡವೆಂದ ಕಸುಬಿನ ಕಡೆಗೇ ಮಗ ವಾಲುವುದು ಏನೆಂದು ಅಡಿಕೆ ತೋಟದ ಮನೆಯ ಹುಡುಗರಿಗೆ ಬಿಡಿಸಿ ಹೇಳಬೇಕಿಲ್ಲ. ಹೂವಾದ ಹುಡುಗಿ ಹಾಗಲ್ಲ. ಮೇಲಿನಿಂದ ಅಜ್ಜಿಕಥೆ. ಒಳಗೆ ಹೋದರೆ ಕಾಲು ಹೂತುಹೋಗುತ್ತದೆ.

ಕಥೆ ಇಷ್ಟು. ನಾನು ಹೇಳುತ್ತಿರುವುದು ರಾಮಾನುಜನ್ ತೀರಿಕೊಂಡ ಮೇಲೆ, 1997ರಲ್ಲಿ, ‘ಎ ಫ್ಲವರಿಂಗ್ ಟ್ರೀ ಅಂಡ್ ಅದರ್ ಓರಲ್ ಟೇಲ್ಸ್ ಫ್ರಮ್ ಇಂಡಿಯಾ’ ಎಂಬ ಹೆಸರಿನಲ್ಲಿ ಬಂದ ಅವರ ಸಂಗ್ರಹದಲ್ಲಿರುವಂತೆ. ಕೂಲಿ ನಾಲಿ ಮಾಡಿ ಸಾಕುವ ಮುದುಕಿಗೆ ಇಬ್ಬರು ಹೆಣ್ಣುಮಕ್ಕಳು. ಮೈನೆರೆದ ಕಿರಿಯವಳು ಅಕ್ಕನಿಗೆ ಹೇಳುತ್ತಾಳೆ: ಅಮ್ಮ ಕಷ್ಟಪಡುತ್ತಾಳೆ, ನಾನು ಹೂವಿನ ಮರವಾಗುತ್ತೇನೆ, ನೀನು ಹೂ ಬಿಡಿಸಿಕೋ, ಮಾರೋಣ. ಉಗುರು ಸೋಕದ ಎರಡು ಕೊಡ ನೀರು ಬೇಕು. ಒಂದನ್ನು ಸುರಿದರೆ ಮರ, ಇನ್ನೊಂದನ್ನು ಸುರಿದರೆ ಮತ್ತೆ ಹುಡುಗಿ. ನಡುವೆ ಚಿಗುರು ಮುರಿಯಬಾರದು, ಎಲೆ ಹರಿಯಬಾರದು. ಹೂ ಅರಮನೆ ಸೇರುತ್ತದೆ. ರಾಜಕುಮಾರ ಹೂವಿನ ಜಾಡು ಹಿಡಿದು ಬಂದು ಮರೆಯಲ್ಲಿ ಕೂತು ನೋಡುತ್ತಾನೆ, ಮದುವೆಯಾಗುತ್ತಾನೆ. ಮದುವೆಯಾದ ಮೇಲೆ, ತನಗಾಗಿ ಮರವಾಗು ಎಂದು ಹಟ ಹಿಡಿಯುತ್ತಾನೆ. ಅವನ ತಂಗಿ ಅದನ್ನು ಕದ್ದು ನೋಡಿ, ಅತ್ತಿಗೆಯನ್ನು ಗೆಳತಿಯರೊಂದಿಗೆ ತೋಪಿಗೆ ಕರೆದೊಯ್ದು, ಕಾಡಿ ಬೇಡಿ ಮರವಾಗಿಸುತ್ತಾಳೆ. ಹುಡುಗಿಯರು ನೀರನ್ನು ಹೇಗೆಂದರೆ ಹಾಗೆ ಎರಚುತ್ತಾರೆ, ಕೊಂಬೆ ಮುರಿಯುತ್ತಾರೆ, ಮಳೆ ಬರುತ್ತದೆ, ಓಡಿಹೋಗುತ್ತಾರೆ. ಉಳಿಯುವುದು ಕೈಯಿಲ್ಲದ ಕಾಲಿಲ್ಲದ ಒಂದು ಮೈ. ಗಾಡಿಯವನೊಬ್ಬ ಎತ್ತಿಕೊಂಡು ಹೋಗಿ ಇನ್ನೊಂದು ಊರಲ್ಲಿ ಬಿಡುತ್ತಾನೆ. ಅದು ರಾಜಕುಮಾರನ ಅಕ್ಕನ ಊರು. ಹೆಂಡತಿಯನ್ನು ಕಳೆದುಕೊಂಡು ಬೈರಾಗಿಯಂತೆ ಅಲೆಯುವ ಅವನೂ ಅಲ್ಲಿಗೇ ಬರುತ್ತಾನೆ. ಗುರುತಾಗುತ್ತದೆ. ಮತ್ತೆ ಎರಡು ಕೊಡ ನೀರು.

ಗೈಡಿನ ಸ್ವಾರಸ್ಯಗಳು ಎರಡು ಬಗೆ. ಒಂದು, ತಾಯಿಗೆ ನೆರವಾಗುವ ಮಗಳ ತ್ಯಾಗ. ಇನ್ನೊಂದು, ಮರಗಿಡ ಉಳಿಸಬೇಕೆಂಬ ಸಂದೇಶ. ಎರಡೂ ಸುಳ್ಳಲ್ಲ. ಗಿರೀಶ ಕಾರ್ನಾಡರು 1992ರಲ್ಲಿ ಇದೇ ಕಥೆಯಿಂದ ‘ಚೆಲುವಿ’ ಚಿತ್ರ ಮಾಡಿದಾಗ ಕಾಡಿನ ನಾಶವನ್ನೇ ಮುಂದಿಟ್ಟರು. ಹುಡುಗಿ ಮತ್ತೆ ಇಡಿಯಾಗುವ ಸುಖಾಂತ್ಯ ಅದರಲ್ಲಿಲ್ಲ. 2006ರಲ್ಲಿ ಅಮೆರಿಕದ ಸಂಗೀತಗಾರ ಜಾನ್ ಆಡಮ್ಸ್ ಇದನ್ನು ಆಪೆರಾ ಮಾಡಿದರು, ವಿಯೆನ್ನಾದಲ್ಲಿ ಮೊದಲು ಆಡಿದರು. ನಮ್ಮ ಸೀಮೆಯ ಯಾವುದೋ ಅಜ್ಜಿಯ ಬಾಯಿಂದ ಹೊರಟದ್ದು ಅಲ್ಲಿಯವರೆಗೆ ಹೋಗಿದೆ ಎಂದರೆ ಮಕ್ಕಳು ಕಣ್ಣರಳಿಸುತ್ತಾರೆ. ಆದರೆ ಮರ ಉಳಿಸಿ ಎಂಬ ಮಾತಿಗೆ ನಮ್ಮಲ್ಲಿ ಒಬ್ಬ ಹುಡುಗ ಸರಿಯಾದ ಆಕ್ಷೇಪ ಎತ್ತಿದ. ಅವರ ಮನೆಗೆ ಸೊಪ್ಪಿನ ಬೆಟ್ಟ ಇದೆ. ತೋಟಕ್ಕೆ, ಕೊಟ್ಟಿಗೆಗೆ ಸೊಪ್ಪು ಕಡಿಯದೆ ಬದುಕಿಲ್ಲ. ಬುಡಕ್ಕೆ ಕತ್ತಿ ಹಾಕಬಾರದು, ತುದಿ ಬಿಡಬೇಕು, ಚಿಗುರುವ ಹಾಗೆ ಕಡಿಯಬೇಕು ಎಂದು ಅವನಿಗೆ ಗೊತ್ತು. ಹುಡುಗಿಯೂ ಹೂ ಬಿಡಿಸಬೇಡಿ ಎನ್ನುವುದಿಲ್ಲವಲ್ಲ, ಹೇಗೆ ಬಿಡಿಸಬೇಕು ಎಂದು ಹೇಳುತ್ತಾಳೆ ಎಂದ. ಕಥೆಯ ಬೇರು ಅಲ್ಲಿದೆ ಅನ್ನಿಸಿತು ನನಗೆ. ಮರವಾಗುವುದು ಕಥೆಯ ಬೆರಗು, ಅಷ್ಟೇ. ಅದರ ಜೀವ ಇರುವುದು ಸೂಚನೆಗಳಲ್ಲಿ: ನೀರನ್ನು ಹೀಗೆ ತಾ, ಹೀಗೆ ಸುರಿ, ಹೀಗೆ ಮುಟ್ಟು.

ರಾಮಾನುಜನ್ ಇದನ್ನು ಹೆಂಗಸರ ಕಥೆ ಎಂದು ಓದಿದರು. ಹೆಂಗಸರು ಹೇಳುವ, ಹೆಂಗಸಿನ ಸುತ್ತ ನಡೆಯುವ ಕಥೆ. ಹೂ ಬಿಡುವುದಕ್ಕೂ ಹೆಣ್ಣು ದೊಡ್ಡವಳಾಗುವುದಕ್ಕೂ ನಮ್ಮ ಭಾಷೆಗಳು ಕಟ್ಟಿಟ್ಟ ನಂಟನ್ನು ಅವರು ಎತ್ತಿ ತೋರಿಸಿದರು. ಪುಷ್ಪವತಿ ಎಂಬ ಒಂದೇ ಪದ ಸಾಕು ಅದಕ್ಕೆ. ಹೆಣ್ಣು ತನ್ನೊಳಗಿನದನ್ನು ಅರಳಿಸುವ ಗಳಿಗೆಯೇ ಅವಳು ತೀರ ನಿರಾಧಾರಳಾಗಿರುವ ಗಳಿಗೆಯೂ ಹೌದು ಎಂಬುದು ಅವರ ಓದಿನ ತಿರುಳು. ಕಥೆಯಲ್ಲಿ ಅವಳು ಐದು ಸಲ ಮರವಾಗುತ್ತಾಳೆ ಎಂದು ಲೆಕ್ಕ ಹಾಕಿದವರೂ ಅವರೇ.

ಆ ಐದು ಸಲವನ್ನು ನಾವು ಒಂದು ಸಂಜೆ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬರೆದೆವು. ಪರೀಕ್ಷೆಯ ಸವೆದ ಪ್ರಶ್ನೆಯನ್ನೇ ಹಿಡಿದುಕೊಂಡೆವು: ಯಾರು ಯಾರಿಗೆ ಹೇಳಿದರು? ಮೊದಲ ಸಲ ತಂಗಿ ಅಕ್ಕನಿಗೆ ಹೇಳುತ್ತಾಳೆ. ಮಾತು ಅವಳದೇ, ಬಯಕೆ ಅವಳದೇ, ನೀರು ಸುರಿಯುವವಳು ನಂಬಿಕೆಯವಳು. ಎರಡನೇ ಸಲ ತಾಯಿ ಕೇಳುತ್ತಾಳೆ. ಅರಮನೆಯಿಂದ ಕರೆ ಬಂದಿದೆ, ಮಗಳು ಏನು ಮಾಡಿಕೊಂಡಳೋ ಎಂಬ ಗುಮಾನಿ, ಕೈಯಲ್ಲಿ ಪೊರಕೆ. ಹುಡುಗಿ ಮರವಾಗುವುದು ತಾನು ಕೆಟ್ಟಿಲ್ಲ ಎಂದು ರುಜುವಾತು ಮಾಡಲು. ಯಾರ ಕಷ್ಟ ನೋಡಲಾರದೆ ಮರವಾದಳೋ ಅವಳಿಗೇ ಪ್ರಮಾಣ ಕೊಡಬೇಕು. ಮೂರನೇ ಸಲ ಗಂಡ ಕೇಳುತ್ತಾನೆ. ಅವಳು ಒಲ್ಲೆ ಎನ್ನುತ್ತಾಳೆ, ಅವನು ಬಿಡುವುದಿಲ್ಲ, ಕೊನೆಗೆ ಒಪ್ಪುತ್ತಾಳೆ. ರಾತ್ರಿ ರಾತ್ರಿ ಮರವಾಗುತ್ತಾಳೆ. ಆ ಹೂ ಯಾರಿಗೂ ಬೇಡ, ಮಾರಾಟಕ್ಕೂ ಇಲ್ಲ, ರಾಶಿಯಾಗಿ ಬಾಡುತ್ತದೆ. ನಾಲ್ಕನೇ ಸಲ ನಾದಿನಿ. ಇಲ್ಲಿಯೂ ಒಲ್ಲೆ, ಇಲ್ಲಿಯೂ ಕಾಟ, ಇಲ್ಲಿಯೂ ಕೊನೆಗೆ ಒಪ್ಪಿಗೆ. ಅವಳು ಹೇಗೆ ಸುರಿಯಬೇಕೆಂದು ಹೇಳುತ್ತಾಳೆ, ಯಾರೂ ಕೇಳಿಸಿಕೊಳ್ಳುವುದಿಲ್ಲ. ಐದನೇ ಸಲ ಮತ್ತೆ ಅವಳೇ ಹೇಳುತ್ತಾಳೆ, ಗಂಡ ಕೇಳುತ್ತಾನೆ.

ಈ ಪಟ್ಟಿಯನ್ನು ನೋಡುತ್ತ ನೋಡುತ್ತ ನನಗೆ ಆ ಪ್ರಶ್ನೆಯ ಮೇಲೆ ಗೌರವ ಹುಟ್ಟಿತು. ಯಾರು ಯಾರಿಗೆ ಹೇಳಿದರು ಎಂಬುದನ್ನು ನಾವೆಲ್ಲ ಗೇಲಿ ಮಾಡುತ್ತೇವೆ, ಬಾಯಿಪಾಠದ ಲಾಂಛನ ಎನ್ನುತ್ತೇವೆ. ಆದರೆ ಈ ಕಥೆಗೆ ಕೇಳಬೇಕಾದ ಪ್ರಶ್ನೆ ಅದೇ. ‘ಹೂವಾದ ಹುಡುಗಿ ಅಕ್ಕನಿಗೆ ಹೇಳಿದಳು’ ಎಂದು ಎರಡು ಹೆಸರು ಬರೆದು ಒಂದು ಅಂಕ ಪಡೆದು ಮುಂದಕ್ಕೆ ಹೋಗಿಬಿಡುವಲ್ಲಿ ಕೆಡುತ್ತದೆ. ಹೇಳಿದವರು ಯಾವ ಸ್ಥಾನದಿಂದ ಹೇಳಿದರು, ಕೇಳಿದವರಿಗೆ ಇಲ್ಲ ಎನ್ನುವ ದಾರಿ ಇತ್ತೇ, ಅದೇ ಮಾತು ಇನ್ನೊಬ್ಬರ ಮುಂದೆ ಯಾಕೆ ನಡೆಯಲಿಲ್ಲ: ಇದಿಷ್ಟೂ ಸಂದರ್ಭ ಎಂಬ ಎರಡನೇ ಕೋಣೆಯಲ್ಲಿ ಬರಬೇಕಾದದ್ದು. ಅದು ಬಂದರೆ ಸ್ವಾರಸ್ಯ ತಾನಾಗಿ ಜಿನುಗುತ್ತದೆ. ರಾಮಾನುಜನ್ ಹೇಳಿದ ಕಥೆಯಲ್ಲಿ ಇದಕ್ಕೆ ದೊಡ್ಡ ಸಾಕ್ಷಿಯೂ ಇದೆ. ಕೈಕಾಲು ಕಳೆದುಕೊಂಡ ಹುಡುಗಿಗೆ ಅಷ್ಟು ದಿನ ಮಾತೇ ಇರುವುದಿಲ್ಲ. ಗಂಡನಿಗೆ ಗುರುತು ಸಿಕ್ಕು, ಏನಾಯಿತೆಂದು ಅವನು ಕೇಳಿದಾಗ ಮಾತು ಮರಳುತ್ತದೆ. ಕೈಕಾಲು ಬರುವುದು ಅದಾದ ಮೇಲೆ.

ಈ ಮಕ್ಕಳ ಬ್ಯಾಗಿನಲ್ಲಿ ವಿಜ್ಞಾನದ ಪುಸ್ತಕವೂ ಇರುತ್ತದೆ. ಎಂಟನೇ ತರಗತಿಯ ವಿಜ್ಞಾನದಲ್ಲಿ ಹದಿಹರೆಯದ ಪಾಠ ಇದೆ, ಹಾರ್ಮೋನು, ಋತುಚಕ್ರ ಎಲ್ಲ ಇದೆ. ಸರ್ಕಾರಿ ಶಾಲೆಗಳಲ್ಲಿ ‘ಶುಚಿ’ ಯೋಜನೆಯಡಿ ಹುಡುಗಿಯರಿಗೆ ನ್ಯಾಪ್‌ಕಿನ್ ಕೊಡುವ ವ್ಯವಸ್ಥೆಯೂ ಇದೆ. ಆದರೆ ವಿಜ್ಞಾನದ ಪೀರಿಯಡ್ಡಿಗೂ ಕನ್ನಡದ ಪೀರಿಯಡ್ಡಿಗೂ ನಡುವೆ ಒಂದು ಗೋಡೆ. ವಿಜ್ಞಾನದಲ್ಲಿ ಮೈಗೆ ಏನಾಗುತ್ತದೆಂದು ಹೇಳುತ್ತಾರೆ, ಆಗುವಾಗ ಹೇಗನ್ನಿಸುತ್ತದೆಂದು ಹೇಳುವುದಿಲ್ಲ. ಕನ್ನಡದಲ್ಲಿ ಹೇಗನ್ನಿಸುತ್ತದೆ ಎಂಬುದನ್ನು ಹೇಳಲೆಂದೇ ಒಂದು ಕಥೆ ಇದೆ, ಅದನ್ನು ಪರಿಸರ ದಿನದ ಭಾಷಣ ಮಾಡಿಬಿಡುತ್ತೇವೆ. ಹದಿಮೂರು ಹದಿನಾಲ್ಕರ ಹುಡುಗಿಗೆ ತನ್ನ ಮೈ ಇದ್ದಕ್ಕಿದ್ದಂತೆ ಎಲ್ಲರೂ ನೋಡುವ ವಸ್ತುವಾಗುವುದು ಗೊತ್ತು. ಬಸ್‌ ಸ್ಟ್ಯಾಂಡಿನಲ್ಲಿ ಗೊತ್ತು, ಮದುವೆ ಮನೆಯಲ್ಲಿ ಗೊತ್ತು. ಯಾವ ಗಂಡಸಿನ ಎದುರು ನಿಲ್ಲಬಾರದು ಎಂದು ಅಮ್ಮಂದಿರು ಹೇಳಿಕೊಟ್ಟಿರುತ್ತಾರೆ, ಆದರೆ ಇಲ್ಲ ಎಂದು ಹೇಗೆ ಹೇಳಬೇಕೆಂದು ಹೇಳಿಕೊಟ್ಟಿರುವುದಿಲ್ಲ. ಈ ಪಾಠ ಪಠ್ಯದಲ್ಲಿ ಇರುವುದೇ ಒಂದು ಭಾಗ್ಯ. ಮೇಷ್ಟ್ರು ತರಗತಿಯಲ್ಲಿ ಋತುಮತಿ ಎಂಬ ಪದ ಎತ್ತಲು ಮುಜುಗರಪಡುವುದು ನನಗೆ ಅರ್ಥವಾಗುತ್ತದೆ. ಆ ಪದ ಎತ್ತದೆಯೂ ಕಥೆಯನ್ನು ಕಲಿಸಬಹುದು. ‘ನೀರು ಸುರಿದವರು ಯಾರು, ಹೇಗೆ ಸುರಿದರು’ ಎಂದು ಐದು ಸಲ ಕೇಳಿದರೆ ಸಾಕು, ಉಳಿದದ್ದನ್ನು ಹುಡುಗಿಯರು ತಮ್ಮೊಳಗೇ ಮುಗಿಸಿಕೊಳ್ಳುತ್ತಾರೆ. ಹುಡುಗರೂ.

ತ್ಯಾಗದ ಸ್ವಾರಸ್ಯಕ್ಕೆ ಬರುತ್ತೇನೆ, ಅದರ ಮೇಲೆ ನನಗೆ ಹೆಚ್ಚು ತಕರಾರು. ಅಡಿಕೆ ಕೊಯ್ಲಿನ ದಿನಗಳಲ್ಲಿ ಈ ಕಡೆಯ ಹಳ್ಳಿಗಳಲ್ಲಿ ಹೆಂಗಸರು ಹಗಲು ಬೇರೆ ಕೆಲಸ ಮುಗಿಸಿ ರಾತ್ರಿ ಮೆಟ್ಟುಗತ್ತಿಯ ಮುಂದೆ ಕೂರುತ್ತಾರೆ. ಸುಲಿದಷ್ಟಕ್ಕೆ ದುಡ್ಡು. ನಮ್ಮ ನಾಲ್ವರಲ್ಲಿ ಒಬ್ಬಳು ಅಮ್ಮನ ಜೊತೆ ಹೋಗುತ್ತಾಳೆ, ಶನಿವಾರ ಭಾನುವಾರ ಅಂತ ಹೇಳುತ್ತಾಳೆ, ಬೆರಳಿನ ಕಪ್ಪು ನೋಡಿದರೆ ವಾರದ ನಡುವೆಯೂ ಹೋಗುವಂತಿದೆ. ಅವಳಿಗೆ ತಾಯಿಗೆ ನೆರವಾಗುವ ಮಗಳು ಎಂಬುದು ಸ್ವಾರಸ್ಯವಲ್ಲ, ದಿನಚರಿ. ಅವಳು ಕೇಳಿದ್ದು ಬೇರೆ: ಅಕ್ಕ ತಂಗಿ ಹೂ ಮಾರಿದ ದುಡ್ಡನ್ನು ಅಮ್ಮನಿಗೆ ಕೊಡದೆ ಯಾಕೆ ಬಚ್ಚಿಟ್ಟರು?

ಗೈಡಿನಲ್ಲಿ ಇದಕ್ಕೆ ಉತ್ತರವಿಲ್ಲ. ರಾಮಾನುಜನ್ ಸಂಗ್ರಹದಲ್ಲಿ ಹೆಣ್ಣುಮಕ್ಕಳು ನಿಜವಾಗಿಯೂ ಅಮ್ಮನಿಂದ ದುಡ್ಡನ್ನು ಬಚ್ಚಿಡುತ್ತಾರೆ. ಅಮ್ಮನಿಗಾಗಿಯೇ ಗಳಿಸಿದ್ದು, ಅಮ್ಮನಿಗೆ ಹೇಳಲಾಗದ್ದು. ಎಲ್ಲಿಂದ ಬಂತು ಎಂದು ಕೇಳಿದರೆ ಹೇಳುವುದೇನು? ಬಡವರ ಮನೆಯಲ್ಲಿ ಹೆಣ್ಣುಮಕ್ಕಳ ಕೈಗೆ ದುಡ್ಡು ಬಂದರೆ ಮೊದಲು ಬರುವುದು ಸಂಶಯ. ಕಥೆಗೆ ಇದು ಗೊತ್ತು. ಅದಕ್ಕೇ ಮುಂದೆ ಪೊರಕೆ ಬರುತ್ತದೆ. ತ್ಯಾಗ ಎಂಬ ದೊಡ್ಡ ಪದ ಈ ಸಣ್ಣ ಗಂಟನ್ನು ಮುಚ್ಚಿಹಾಕುತ್ತದೆ. ಅಡಿಕೆ ಸುಲಿಯುವ ಹುಡುಗಿ ಅದನ್ನು ಬಿಚ್ಚಿದ್ದು ಅವಳು ಜಾಣೆ ಎಂದಷ್ಟೇ ಅಲ್ಲ. ಅವಳಿಗೆ ಆ ಜಾಗ ಪರಿಚಿತ. ಅವಳಿಗಿರುವ ಈ ತಿಳಿವಳಿಕೆಗೆ ಉತ್ತರಪತ್ರಿಕೆಯಲ್ಲಿ ಜಾಗವಿಲ್ಲ, ಅವಳು ಅಲ್ಲಿ ‘ತಾಯಿಯ ಮೇಲಿನ ಪ್ರೀತಿ ಸ್ವಾರಸ್ಯಪೂರ್ಣವಾಗಿ ವ್ಯಕ್ತವಾಗಿದೆ’ ಎಂದೇ ಬರೆಯುತ್ತಾಳೆ. ಬರೆಯಲಿ, ಅಂಕ ಬೇಕು. ನಾನೂ ಹಾಗೇ ಬರೆ ಎಂದೇ ಹೇಳಿದ್ದೇನೆ. ಇನ್ನೆರಡು ವರ್ಷಕ್ಕೆ ಎಸ್‌ಎಸ್‌ಎಲ್‌ಸಿ. ಅಲ್ಲಿ ಅವಳ ಮುಂದೆ ಇರುವುದು ಮೌಲ್ಯಮಾಪನದ ಮಾದರಿ ಉತ್ತರ, ಅದಕ್ಕೆ ಅವಳ ಅಮ್ಮ ಗೊತ್ತಿಲ್ಲ.

ಮೇಷ್ಟ್ರುಗಳನ್ನು ಬೈದು ಪ್ರಯೋಜನವಿಲ್ಲ. ಮಳೆಗಾಲದಲ್ಲಿ ನಮ್ಮಲ್ಲಿ ಶಾಲೆಗೆ ರಜೆ ಮೇಲೆ ರಜೆ, ಆಮೇಲೆ ಶನಿವಾರ ಪೂರ್ತಿ ಶಾಲೆ ಇಟ್ಟು ಪಾಠ ಓಡಿಸಬೇಕು. ಓಟದಲ್ಲಿ ಮೊದಲು ಬಿದ್ದುಹೋಗುವುದು ಇಂಥ ಪಾಠವೇ.

ಕೊನೆಗೆ ಒಂದು ವಿಷಯದಲ್ಲಿ ನಾನು ರಾಮಾನುಜನ್ ಅವರನ್ನೂ ಬಿಟ್ಟು ಮಕ್ಕಳ ಜೊತೆ ನಿಲ್ಲುತ್ತೇನೆ. ಅವರ ಸಂಗ್ರಹದ ಕಥೆ ಮುಗಿಯುವುದು ಒಂದು ಶಿಕ್ಷೆಯಲ್ಲಿ. ನಡೆದದ್ದು ತಿಳಿದ ರಾಜ ಸುಣ್ಣದ ಗುಂಡಿ ತೋಡಿಸಿ ತನ್ನ ಕಿರಿಯ ಮಗಳನ್ನು ಅದರೊಳಗೆ ಹಾಕಿಸುತ್ತಾನೆ. ಜನಪದ ಕಥೆಗಳ ಕೊನೆಯಲ್ಲಿ ಇಂಥವು ಬರುತ್ತವೆ, ಕೆಟ್ಟವರಿಗೆ ಹೀಗಾಗುತ್ತದೆ ಎಂದು ತಲೆಯಾಡಿಸಿ ಓದುಗರು ದಾಟಿಬಿಡುತ್ತಾರೆ. ವಿಮರ್ಶಕರೂ ಅದರ ಹತ್ತಿರ ಹೆಚ್ಚು ಹೊತ್ತು ನಿಂತದ್ದು ನಾನು ಕಾಣೆ. ಮಕ್ಕಳಿಗೆ ಈ ಕೊನೆಯನ್ನು ನಾನು ಹೇಳಿದೆ. ಮೊದಲು ಖುಷಿಪಟ್ಟರು. ಆಮೇಲೆ ಆ ಸೊಪ್ಪಿನ ಬೆಟ್ಟದ ಹುಡುಗ ನಾದಿನಿಗೆ ಎಷ್ಟು ವಯಸ್ಸು ಎಂದು ಕೇಳಿದ. ಕಥೆಯಲ್ಲಿ ಹೇಳಿಲ್ಲ, ಜೋಕಾಲಿ ಆಡಲು ಹೋಗುವ ವಯಸ್ಸು ಎಂದೆ.

ನಮ್ಮ ವಯಸ್ಸು ಎಂದಳು ಅಡಿಕೆ ಸುಲಿಯುವವಳು.

ಮತ್ತೆ ಪಟ್ಟಿ ತೆಗೆದೆವು. ಅಣ್ಣ ಮಾಡಿದ್ದೇನು? ಮರೆಯಲ್ಲಿ ಕೂತು ನೋಡಿದ. ಗೊತ್ತಾದ ಗುಟ್ಟನ್ನು ಹಿಡಿದು, ತನ್ನ ಮನೆಗೆ ಬಂದವಳನ್ನು ಕಾಡಿ, ಮರವಾಗಿಸಿ ನೋಡಿ ಸುಖಪಟ್ಟ. ಹೂ ರಾಶಿಯಾಗಿ ಬಾಡಿತು. ತಂಗಿ ಮಾಡಿದ್ದೇನು? ಮರೆಯಲ್ಲಿ ನಿಂತು ನೋಡಿದಳು, ಗೊತ್ತಾದ ಗುಟ್ಟನ್ನು ಹಿಡಿದು ಅದೇ ಹುಡುಗಿಯನ್ನು ಕಾಡಿದಳು. ನೀರು ಸುರಿಯುವುದರಲ್ಲಿ ಮಾತ್ರ ಅಣ್ಣ ಜೋಪಾನ, ತಂಗಿ ಅಡ್ಡಾದಿಡ್ಡಿ. ಉಳಿದಂತೆ ಮೊದಲಿಂದ ಕೊನೆಯವರೆಗೆ ಅವಳು ಅಣ್ಣನ ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟಿದ್ದಾಳೆ. ಅವನಿಗೆ ಅಲೆದಾಟ, ಪಶ್ಚಾತ್ತಾಪ, ಕೊನೆಗೆ ಇಡಿಯಾದ ಹೆಂಡತಿ. ಕಥೆ ಅವನಿಗೆ ಕಲಿಯಲು ಕಾಲ ಕೊಡುತ್ತದೆ: ಮುರಿದ ಕೊಂಬೆಯನ್ನು ಸರಿಯಾಗಿ ಕೂಡಿಸಿ, ಹರಿದ ಎಲೆಗೆ ಕಟ್ಟು ಹಾಕಿ, ಎರಡನೇ ಕೊಡ ಸುರಿಯುವ ಕೆಲಸ ಅವನ ಪಾಲಿಗೆ ಬರುತ್ತದೆ. ಹುಡುಗಿ ಅವನಿಗೆ ಒಂದೊಂದಾಗಿ ಹೇಳಿಕೊಡುತ್ತಾಳೆ. ಹಾಗೆ ಹೇಳಿಸಿಕೊಳ್ಳುವ ಸರದಿ ತಂಗಿಗೆ ಬರುವುದೇ ಇಲ್ಲ.

“ಎಂತಕ್ಕೆ ಅಕ್ಕಾ ಅವಳಿಗೆ ಮಾತ್ರ ಸುಣ್ಣದ ಗುಂಡಿ?” ಎಂದು ಕೇಳಿದ್ದಕ್ಕೆ, ಕಥೆ ಕಟ್ಟಿದವರು ಹೆಂಗಸರೇ ಆದರೂ ಗುಂಡಿ ತೋಡಿಸುವ ಅಧಿಕಾರ ಇದ್ದದ್ದು ರಾಜನಿಗೆ ಎಂದೆ. ಅದು ಅವರಿಗೆ ಸಾಲಲಿಲ್ಲ. ಹೂವಾದ ಹುಡುಗಿ ಆಗ ಏನು ಹೇಳಿದಳು, ಬೇಡ ಎಂದಳಾ ಎಂದು ಕೇಳಿದರು. ಅಲ್ಲಿ ಅವಳ ಮಾತು ಯಾವುದೂ ಇಲ್ಲ. ಇರಬೇಕಿತ್ತೇ, ಇದ್ದಿದ್ದರೆ ಯಾರು ಯಾರಿಗೆ ಏನು ಹೇಳುತ್ತಿದ್ದರು ಎಂದು ನಾಲ್ವರೂ ಒಂದೊಂದು ಹಾಳೆ ಬರೆದುಕೊಂಡು ಬಂದಿದ್ದಾರೆ. ಒಬ್ಬಳದು ಅರ್ಧ ಪುಟ, ಬೆರಳಿನ ಗುರುತು ಬಿದ್ದಿದೆ. ಒಂದರಂತೆ ಇನ್ನೊಂದಿಲ್ಲ.